ಸಕ್ಕರೆ ಕಾಯಿಲೆಯ ಕಾಲಿಗೆ ಯಾವ ಚಪ್ಪಲಿ, ಯಾವ ಮುಲಾಮು: ಕೋಲಾರ, ಚಿಕ್ಕಬಳ್ಳಾಪುರದ ಕಡೆಯವರಿಗೆ

ಅಂಗಡಿಗೆ ಹೋಗಿ "ಶುಗರ್ ಚಪ್ಪಲಿ ಕೊಡಿ" ಅಂದರೆ ಮೆತ್ತಗಿರುವ ಒಂದು ಜೋಡಿ ತೆಗೆದು ಕೊಡುತ್ತಾರೆ. ಅದು ನಿಮ್ಮ ಕಾಲಿಗೆ ಬೇಕೋ ಬೇಡವೋ, ಬೇಕಿದ್ದರೂ ಅಷ್ಟೇ ಸಾಕೋ ಸಾಲದೋ ಎಂಬುದು ಅಂಗಡಿಯವರಿಗೆ ಗೊತ್ತಿರುವುದಿಲ್ಲ. ಸಕ್ಕರೆ ಕಾಯಿಲೆ ಇರುವವರ ಕಾಲೆಲ್ಲ ಒಂದೇ ಥರ ಇರುವುದಿಲ್ಲ. ಪಾದಕ್ಕೆ ಸ್ಪರ್ಶ ತಿಳಿಯುತ್ತದೆಯೇ, ರಕ್ತ ಸರಿಯಾಗಿ ಹರಿಯುತ್ತಿದೆಯೇ, ಆಕಾರ ಕೆಟ್ಟಿದೆಯೇ ಎಂಬ ಮೂರನ್ನು ನೋಡಿಕೊಂಡ ಮೇಲೆ ಆಯ್ಕೆಯ ಮಾತು. ಬೆಲೆ, ಬ್ರ್ಯಾಂಡು ಅದಕ್ಕೂ ಆಮೇಲೆ.

ಮೊದಲು ಕಾಲಿನ ಲೆಕ್ಕ

ಆಸ್ಪತ್ರೆಯಲ್ಲಿ ಸ್ಪರ್ಶ ನೋಡಲು ಬಳಸುವುದು 10 ಗ್ರಾಂ ಮಾನೋಫಿಲಮೆಂಟ್ ಎಂಬ ನೈಲಾನ್ ಎಳೆ. ಅಂಗಾಲಿಗೆ ಒತ್ತಿದಾಗ ಅದು 10 ಗ್ರಾಂ ಭಾರಕ್ಕೆ ಬಾಗುತ್ತದೆ; ಬಾಗಿದರೂ ನಿಮಗೆ ತಿಳಿಯದಿದ್ದರೆ ಆ ಜಾಗದ ಕಾವಲು ಹೋಗಿದೆ ಎಂದರ್ಥ. ಜೊತೆಗೆ 128 ಹರ್ಟ್ಸ್‌ನ ಶ್ರುತಿಕವೆಯನ್ನು ಹೆಬ್ಬೆರಳ ಮೂಳೆಗೆ ಇಟ್ಟು ಕಂಪನ ತಿಳಿಯುತ್ತದೆಯೇ ಎಂದೂ ನೋಡುತ್ತಾರೆ. ಮನೆಯಲ್ಲಿ ಇವೆರಡೂ ಇರುವುದಿಲ್ಲ. ಆದರೆ ಇನ್ನೊಬ್ಬರ ಬೆರಳು ಸಾಕು. ನೀವು ಕಣ್ಣು ಮುಚ್ಚಿಕೊಂಡು ಮಲಗಿ. ಮನೆಯವರು ತೋರುಬೆರಳ ತುದಿಯಿಂದ ನಿಮ್ಮ ಎರಡೂ ಪಾದಗಳ ಹೆಬ್ಬೆರಳು, ನಡುಬೆರಳು, ಕಿರುಬೆರಳುಗಳ ತುದಿಯನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟಲಿ. ಒತ್ತಬಾರದು, ತಟ್ಟಬಾರದು, ಕಚಗುಳಿ ಇಡಬಾರದು. ಆರರಲ್ಲಿ ಎರಡೋ ಹೆಚ್ಚೋ ಕಡೆ ಮುಟ್ಟಿದ್ದು ತಿಳಿಯಲಿಲ್ಲವೆಂದರೆ ಸ್ಪರ್ಶ ಕುಗ್ಗಿದೆ; ಆಸ್ಪತ್ರೆಯಲ್ಲಿ ತೋರಿಸಿ ಖಚಿತ ಮಾಡಿಕೊಳ್ಳಿ. "ನನಗೆ ಕಾಲು ಉರಿಯುತ್ತದೆ, ಅಂದಮೇಲೆ ಸ್ಪರ್ಶ ಇದೆ" ಎಂಬ ವಾದ ನಿಲ್ಲುವುದಿಲ್ಲ. ಉರಿಯುವ ಕಾಲೇ ಮುಳ್ಳು ಚುಚ್ಚಿದರೆ ತಿಳಿಯದ ಕಾಲೂ ಆಗಿರಬಹುದು. ಹಾಳಾಗುತ್ತಿರುವ ನರ ಎರಡನ್ನೂ ಮಾಡುತ್ತದೆ.

ರಕ್ತ ಹರಿವಿನ ಲಕ್ಷಣ: ಸ್ವಲ್ಪ ದೂರ ನಡೆದರೆ ಮೀನಖಂಡ ಹಿಡಿದುಕೊಳ್ಳುವುದು, ನಿಂತರೆ ಬಿಡುವುದು, ಪಾದ ತಣ್ಣಗಿರುವುದು. ಸ್ಪರ್ಶ ಹೋದವರಿಗೆ ಈ ನೋವೂ ಬಾರದಿರಬಹುದು. ಆದ್ದರಿಂದ ಪಾದದ ಮೇಲ್ಭಾಗದಲ್ಲಿ ಮತ್ತು ಕಾಲಿನ ಹರಡಿನ ಒಳಬದಿಯ ಮೂಳೆಯ ಹಿಂದೆ ನಾಡಿ ಸಿಗುತ್ತದೆಯೇ ಎಂದು ವೈದ್ಯರೇ ಬೆರಳಿಟ್ಟು ನೋಡಬೇಕು. ಕೇಳಿ ನೋಡಿಸಿಕೊಳ್ಳಿ, ಜನಸಂದಣಿಯ ಒಪಿಡಿಯಲ್ಲಿ ಚಪ್ಪಲಿ ಬಿಡಿಸಿ ನೋಡುವಷ್ಟು ಪುರುಸೊತ್ತು ಅವರಿಗೂ ಇರುವುದಿಲ್ಲ.

ಇಷ್ಟಾದರೆ ನಿಮ್ಮ ಗುಂಪು ತಿಳಿಯುತ್ತದೆ. ಸ್ಪರ್ಶ, ರಕ್ತ ಎರಡೂ ಸರಿಯಿದ್ದರೆ ವರ್ಷಕ್ಕೊಮ್ಮೆ ಪಾದದ ತಪಾಸಣೆ, ಸರಿಯಾದ ಅಳತೆಯ ಸಾಮಾನ್ಯ ಪಾದರಕ್ಷೆ ಸಾಕು. ಎರಡರಲ್ಲಿ ಒಂದು ಕೆಟ್ಟಿದ್ದರೆ 6ರಿಂದ 12 ತಿಂಗಳಿಗೊಮ್ಮೆ ತಪಾಸಣೆ. ಎರಡೂ ಕೆಟ್ಟಿದ್ದರೆ, ಅಥವಾ ಒಂದು ಕೆಟ್ಟು ಅದರ ಜೊತೆಗೆ ಬೆರಳು ಕೊಕ್ಕೆಯಂತೆ ಬಾಗಿದ್ದರೆ, ಮೂಳೆ ಎದ್ದಿದ್ದರೆ, 3ರಿಂದ 6 ತಿಂಗಳು. ಸ್ಪರ್ಶವೋ ರಕ್ತವೋ ಕೆಟ್ಟಿರುವ ಕಾಲಿನಲ್ಲಿ ಹಿಂದೆ ಹುಣ್ಣಾಗಿದ್ದರೆ, ಬೆರಳು ತೆಗೆದಿದ್ದರೆ, ಇಲ್ಲವೇ ಮೂತ್ರಪಿಂಡ ಪೂರ್ತಿ ಸೋತಿದ್ದರೆ 1ರಿಂದ 3 ತಿಂಗಳು. ಇಂಥವರು ಅಂಗಡಿಯ ಸಿದ್ಧ ಚಪ್ಪಲಿಯನ್ನು ನಂಬಿ ಕೂರಬಾರದು.

ಹವಾಯಿ, ಎಂಸಿಆರ್, ಶೂ

ಹವಾಯಿ ಚಪ್ಪಲಿಯ ದೋಷ ಅದರ ಅಗ್ಗದ ಬೆಲೆಯಲ್ಲಿಲ್ಲ, ಬಾರಿನಲ್ಲಿದೆ. ಹೆಬ್ಬೆರಳ ಸಂದಿಯಲ್ಲಿ ಬಾರು ಉಜ್ಜುತ್ತದೆ. ಒದ್ದೆ ಕಾಲಿನಲ್ಲಿ ಉಜ್ಜಿದರೆ ಅರ್ಧ ದಿನಕ್ಕೆ ಚರ್ಮ ಕೀಳುತ್ತದೆ. ಹಿಂದೆ ಪಟ್ಟಿ ಇಲ್ಲದ್ದರಿಂದ ಚಪ್ಪಲಿ ಜಾರದಂತೆ ಬೆರಳುಗಳು ಹೆಜ್ಜೆ ಹೆಜ್ಜೆಗೂ ಅದನ್ನು ಬಿಗಿಹಿಡಿಯಬೇಕು, ಭಾರವೆಲ್ಲ ಬೆರಳ ಬುಡಕ್ಕೆ ಬೀಳುತ್ತದೆ. ಸ್ಪರ್ಶ ಹೋದವರಿಗಂತೂ ಚಪ್ಪಲಿ ಕಳಚಿಬಿದ್ದದ್ದೇ ತಿಳಿಯದೆ ನಾಲ್ಕು ಹೆಜ್ಜೆ ಬರಿಗಾಲಲ್ಲಿ ಹೋಗಿರುತ್ತಾರೆ. ತಳವೂ ತೆಳು. ನಮ್ಮ ಕಡೆಯ ಬಳ್ಳಾರಿ ಜಾಲಿಯ ಮುಳ್ಳು ಹವಾಯಿ ತಳವನ್ನು ದಾಟಿ ನೇರ ಅಂಗಾಲಿಗೆ ಬರುತ್ತದೆ. ಸ್ಪರ್ಶ ಸರಿಯಿರುವವರು ಬಚ್ಚಲಿಗೆ, ಅಂಗಳಕ್ಕೆ ಹಾಕಿಕೊಳ್ಳಲಿ. ಉಳಿದವರಿಗೆ ಬೇಡ.

ಎಂಸಿಆರ್ ಎಂದರೆ ಸಣ್ಣ ಸಣ್ಣ ಗಾಳಿಗುಳ್ಳೆಗಳಿರುವ ಮೆತ್ತನೆಯ ರಬ್ಬರು. ಕುಷ್ಠರೋಗದಿಂದ ಸ್ಪರ್ಶ ಹೋದ ಪಾದಗಳಿಗೆ ಸರ್ಕಾರವೇ ಬಹಳ ಕಾಲದಿಂದ ಹಂಚಿದ ಚಪ್ಪಲಿ ಇದು. ಆ ಕಾರಣಕ್ಕೆ ಹಾಕಿಕೊಳ್ಳಲು ಮುಜುಗರಪಡುವವರು ಇದ್ದಾರೆ. ಕಾಯಿಲೆ ಬೇರೆಯಾದರೂ ತೊಂದರೆ ಒಂದೇ: ನೋವು ತಿಳಿಯದ ಅಂಗಾಲು. ಈಗ ಮಾಮೂಲಿ ಸ್ಯಾಂಡಲ್‌ನಂತೆಯೇ ಕಾಣುವ ಜೋಡಿಗಳೂ ಸಿಗುತ್ತವೆ, ಆ ಮುಜುಗರಕ್ಕೆ ಕಾಲು ಕೊಡಬೇಕಾಗಿಲ್ಲ.

ಮೆತ್ತಗಿರುವುದೆಲ್ಲ ಎಂಸಿಆರ್ ಅಲ್ಲ. ಹೆಬ್ಬೆರಳಿನಿಂದ ಒಳತಳವನ್ನು ಗಟ್ಟಿಯಾಗಿ ಒತ್ತಿ ಬಿಡಿ. ಒಳ್ಳೆಯದಾದರೆ ಸುಮಾರು ಅರ್ಧದಷ್ಟು ಕುಗ್ಗಿ ಕೂಡಲೇ ಮೇಲೇಳುತ್ತದೆ. ಪೂರ್ತಿ ಕುಸಿದು ಬೆರಳಿಗೆ ಕೆಳಗಿನ ಗಟ್ಟಿ ತಳ ತಾಗಿದರೆ ಅದು ಬರೀ ಸ್ಪಂಜು, ಕೆಲವೇ ವಾರಗಳಲ್ಲಿ ಚಪ್ಪಟೆಯಾಗುತ್ತದೆ. ಒತ್ತಿದರೂ ಕುಗ್ಗದಿದ್ದರೆ ಮಾಮೂಲಿ ರಬ್ಬರು. ಒಳತಳ ಮೆತ್ತಗಿದ್ದಷ್ಟೇ ಹೊರತಳ ಗಟ್ಟಿಯಾಗಿರಬೇಕು. ಎರಡೂ ಮೆತ್ತಗಿದ್ದರೆ ಮುಳ್ಳಿಗೆ ದಾರಿ ಮಾಡಿಕೊಟ್ಟಂತೆ. ಹಿಮ್ಮಡಿಗೆ ಹಿಂಪಟ್ಟಿ, ಪಾದದ ಮೇಲೆ ಅಗಲವಾದ ಎರಡು ವೆಲ್ಕ್ರೋ ಪಟ್ಟಿ, ಒಳಗಡೆ ಮೊಳೆ ಒಂದೂ ಇಲ್ಲ, ಹೆಬ್ಬೆರಳ ಸಂದಿಗೆ ಬಾರಿಲ್ಲ: ಇಷ್ಟಿದ್ದರೆ ಕೊಳ್ಳಬಹುದು. ಸ್ಪರ್ಶ ಕುಗ್ಗಿ ಆಕಾರ ಇನ್ನೂ ಸರಿಯಿರುವ ಕಾಲಿಗೆ ನಮ್ಮ ಬಿಸಿಲು, ಮಣ್ಣು, ಮನೆಗೆ ಹತ್ತಿಪ್ಪತ್ತು ಸಲ ಹೋಗಿಬರುವ ರೂಢಿ ಎಲ್ಲಕ್ಕೂ ಹೊಂದುವ ಪಾದರಕ್ಷೆ ಇದೇ ಎಂಬುದು ನಮ್ಮ ಅಭಿಪ್ರಾಯ.

ಶೂ ಇನ್ನೂ ಸುರಕ್ಷಿತ, ಬೆರಳಿಗೆ ಏಟು ಬೀಳುವುದಿಲ್ಲ. ಆದರೆ ಮುಂಭಾಗ ಅಗಲವಾಗಿ, ಎತ್ತರವಾಗಿ ಇದ್ದರೆ ಮಾತ್ರ. ಲೇಸು ಅಥವಾ ವೆಲ್ಕ್ರೋ ಇರುವ, ಒಳಗೆ ಹೊಲಿಗೆ ಉಬ್ಬಿರದ ನಡಿಗೆಯ ಶೂ ಬಸ್ಸಿನಲ್ಲಿ ಓಡಾಡುವವರಿಗೆ, ಟೊಮೇಟೊ ಮಂಡಿಯಲ್ಲಿ ಕ್ರೇಟುಗಳ ನಡುವೆ ನಿಲ್ಲುವವರಿಗೆ ಚೆನ್ನ. ಮೂತಿ ಚೂಪಾದ ಕಪ್ಪು ಶೂ ಮದುವೆ ಮನೆಗೂ ಬೇಡ. ಹೊಸ ಶೂ ಹಾಕಿಕೊಂಡ ಒಂದೇ ಸಂಜೆಯಲ್ಲಿ ಕಿರುಬೆರಳ ಪಕ್ಕ ಬೊಬ್ಬೆ ಬರುತ್ತದೆ, ತಿಳಿಯುವುದು ಕಾಲುಚೀಲ ಬಿಚ್ಚಿದಾಗ. ತೂತುತೂತಿನ ರಬ್ಬರ್ ಕ್ಲಾಗ್ ಹಗುರ, ತೊಳೆಯಲು ಸುಲಭ. ಆದರೆ ಜಲ್ಲಿ ಒಳಗೆ ಸೇರುತ್ತದೆ, ಬೆವರಿಗೆ ಪಾದ ಒಳಗೇ ಜಾರಾಡುತ್ತದೆ. ಮನೆಯೊಳಗೆ ಹಾಕಿಕೊಳ್ಳಲು ಅಡ್ಡಿಯಿಲ್ಲ.

ಬೆರಳು ಬಾಗಿದ್ದರೆ, ಅಂಗಾಲಿನಲ್ಲಿ ಜಡ್ಡು ಕಟ್ಟುತ್ತಲೇ ಇದ್ದರೆ, ಹಿಂದೆ ಹುಣ್ಣಾಗಿದ್ದರೆ ಎಂಸಿಆರ್ ಚಪ್ಪಲಿಯೂ ಸಾಲದು. ಪಾದದ ಅಚ್ಚು ತೆಗೆದು ಮಾಡುವ ಒಳತಳ, ಅದಕ್ಕೆ ಜಾಗವಿರುವ ಆಳದ ಪಾದರಕ್ಷೆ ಬೇಕು. ಇದು ಬೆಂಗಳೂರಿನ ಪಾದ ಚಿಕಿತ್ಸಾ ವಿಭಾಗಗಳಲ್ಲಿ, ಕೃತಕ ಕಾಲು ಮಾಡುವ ಕೇಂದ್ರಗಳಲ್ಲಿ ಆಗುವ ಕೆಲಸ. ಖರ್ಚು ಹೆಚ್ಚು, ಎರಡು ಮೂರು ಸಲ ಓಡಾಟವೂ ಇದೆ. ಆದರೂ ವಾಸಿಯಾದ ಹುಣ್ಣು ಅದೇ ಜಾಗದಲ್ಲಿ ಮತ್ತೆ ಒಡೆಯುವುದೇ ಇಂಥ ಕಾಲಿನ ದೊಡ್ಡ ತೊಂದರೆಯಾದ್ದರಿಂದ ಇಲ್ಲಿ ಕಾಸು ಹಿಡಿಯಬೇಡಿ. ಈಗಲೇ ತೆರೆದ ಹುಣ್ಣಿದ್ದರಂತೂ ಚಪ್ಪಲಿ ಆರಿಸುವ ಪ್ರಶ್ನೆಯೇ ಇಲ್ಲ. ಆ ಜಾಗದ ಮೇಲೆ ಭಾರ ಬೀಳದಂತೆ ಪ್ಲಾಸ್ಟರ್ ಅಥವಾ ಬೂಟು ಕಟ್ಟುವುದು ವೈದ್ಯರ ಕೆಲಸ.

ಅಳತೆಗೆ ಒಂದು ಸುಲಭ ಉಪಾಯ. ಸಂಜೆ, ಪಾದ ಸ್ವಲ್ಪ ಊದಿರುವ ಹೊತ್ತಿನಲ್ಲಿ, ದಪ್ಪ ಕಾಗದದ ಮೇಲೆ ನಿಂತು ಇನ್ನೊಬ್ಬರಿಂದ ಎರಡೂ ಪಾದದ ಸುತ್ತ ಗೆರೆ ಎಳೆಸಿ. ಪೆನ್ಸಿಲ್ ನೆಟ್ಟಗಿರಲಿ, ಒಳಕ್ಕೆ ವಾಲಿದರೆ ಅಳತೆ ಕಮ್ಮಿ ಬರುತ್ತದೆ. ಆ ಆಕಾರವನ್ನು ಕತ್ತರಿಸಿ ಅಂಗಡಿಗೆ ಒಯ್ದು ಶೂ ಒಳಗೆ ತೂರಿಸಿ. ಕಾಗದದ ಅಂಚು ಮಡಚಿಕೊಂಡರೆ ನಿಮ್ಮ ಪಾದವೂ ಅಲ್ಲೇ ಮಡಚಿಕೊಳ್ಳುತ್ತದೆ. ಉದ್ದದಲ್ಲಿ ಅತಿ ಉದ್ದದ ಬೆರಳಿನ ಮುಂದೆ 1ರಿಂದ 2 ಸೆಂ.ಮೀ. ಜಾಗ ಇರಬೇಕು. ಎರಡು ಪಾದಗಳಲ್ಲಿ ಒಂದು ದೊಡ್ಡದಿದ್ದರೆ ದೊಡ್ಡದರ ಅಳತೆಗೆ ತೆಗೆದುಕೊಳ್ಳಿ. "ಹಾಕ್ಕೊಂಡ್ರೆ ಬಿಗಿ ಅನ್ನಿಸ್ತಿಲ್ಲ" ಎಂಬ ಮಾತಿಗೆ ಸ್ಪರ್ಶ ಹೋದವರ ಬಾಯಲ್ಲಿ ಬೆಲೆಯಿಲ್ಲ. ಎಷ್ಟೋ ಜನ ಕಚ್ಚುವಷ್ಟು ಬಿಗಿಯಿದ್ದರೇನೇ ಕಾಲಿಗೆ ಏನೋ ಹಾಕಿಕೊಂಡಿದ್ದೇನೆ ಎಂಬ ಅರಿವು ಬರುವುದರಿಂದ ಒಂದು ಅಳತೆ ಚಿಕ್ಕದನ್ನೇ ಕೊಳ್ಳುತ್ತಾರೆ.

ಹೊಸದನ್ನು ಮೊದಲ ದಿನ ಮನೆಯಲ್ಲೇ ಒಂದು ಗಂಟೆ ಹಾಕಿಕೊಂಡು ಬಿಚ್ಚಿ ನೋಡಿ. ಅರ್ಧ ಗಂಟೆಯಾದರೂ ಆರದ ಕೆಂಪು ಉಳಿದರೆ ಆ ಜೋಡಿ ಹೊಂದುವುದಿಲ್ಲ, ವಾಪಸ್ ಕೊಡಿ. ಸರಿಯಾಗಿದ್ದರೆ ದಿನಕ್ಕೆ ಒಂದೊಂದು ಗಂಟೆ ಹೆಚ್ಚಿಸುತ್ತಾ ಹೋಗಿ. ಪಟ್ಟಿ ಕಿತ್ತರೆ ಚಮ್ಮಾರರಿಗೆ ಮೊದಲೇ ಹೇಳಿ: ದಾರ ಮತ್ತು ಗಮ್ ಮಾತ್ರ, ಮೊಳೆ ಬೇಡ. ಹೊಡೆದ ದಿನ ಮೊಳೆ ಒಳಗೇ ಇರುತ್ತದೆ. ತಳ ಸವೆದಂತೆಲ್ಲ ತುದಿ ಮೇಲೆ ಬರುತ್ತದೆ. ಒದ್ದೆಯಾದ ಎಂಸಿಆರ್ ನೆರಳಲ್ಲಿ ಒಣಗಲಿ, ಬಿಸಿಲಿಗೆ ಇಟ್ಟರೆ ರಬ್ಬರು ಬಿರುಸಾಗುತ್ತದೆ. ಹಿಮ್ಮಡಿ ಮತ್ತು ಬೆರಳ ಬುಡದ ಜಾಗದಲ್ಲಿ ಗುಳಿ ಬಿದ್ದು ಮೇಲೇಳದಿದ್ದರೆ ಹೊರಗೆ ಚೆನ್ನಾಗಿಯೇ ಕಂಡರೂ ಅದರ ಆಯಸ್ಸು ಮುಗಿಯಿತು.

ಹೊಲ, ಹುಳದ ಮನೆ, ಕೊಟ್ಟಿಗೆ

ಒಂದೇ ಜೋಡಿಯಲ್ಲಿ ಎಲ್ಲ ಕೆಲಸ ತೂಗಿಸಲು ಹೋದರೆ ಅದು ಯಾವಾಗಲೂ ಒದ್ದೆ. ಹೊಲಕ್ಕೊಂದು, ಮನೆಗೊಂದು ಬೇರೆ ಇರಲಿ.

ರಾಗಿ ಕೊಯ್ದ ಹೊಲದ ಕೂಳೆ ಸ್ಯಾಂಡಲ್‌ನ ಪಕ್ಕದಿಂದ ಚುಚ್ಚುತ್ತದೆ, ಅಲ್ಲಿ ಮುಚ್ಚಿದ ಶೂ ಬೇಕು. ನೀರು ಕಟ್ಟುವಾಗ ಗಮ್‌ಬೂಟು ಸರಿ, ಆದರೆ ಒಳಗೆ ಹತ್ತಿಯ ಕಾಲುಚೀಲ ಇರಬೇಕು, ಒಂದೆರಡು ಗಂಟೆಗೊಮ್ಮೆ ಬಿಚ್ಚಿ ಕೊಡವಬೇಕು. ಬೂಟಿನೊಳಗೆ ಬಿದ್ದ ಒಂದು ಕಾಳಿನಷ್ಟು ಜಲ್ಲಿ ಸ್ಪರ್ಶವಿಲ್ಲದ ಅಂಗಾಲಿಗೆ ಇಡೀ ದಿನ ಒತ್ತುತ್ತಲೇ ಇರುತ್ತದೆ.

ರೇಷ್ಮೆ ಸಾಕುವವರ ವಿಷಯ ಬೇರೆ. ಹೊರಗಿನ ಚಪ್ಪಲಿ ಹುಳದ ಮನೆಗೆ ತರಬಾರದು ಎಂಬ ನಿಯಮ ಸರಿಯಾದದ್ದೇ, ಹುಳಕ್ಕೆ ರೋಗ ತರುತ್ತದೆ. ಆದರೆ ಅದನ್ನು ಬರಿಗಾಲು ಎಂದು ಅರ್ಥಮಾಡಿಕೊಳ್ಳುವುದರಿಂದ ಪಾದ ಸುಣ್ಣ ಮತ್ತು ಬ್ಲೀಚಿಂಗ್ ಪುಡಿಯ ಮೇಲೆ ನಡೆಯುತ್ತದೆ. ಒಣ ಚರ್ಮಕ್ಕೆ ಸುಣ್ಣ ಸೋಕಿದರೆ ಇನ್ನಷ್ಟು ಒಣಗಿ ಬಿರಿಯುತ್ತದೆ, ಒದ್ದೆ ಚರ್ಮಕ್ಕೆ ಸುಡುತ್ತದೆ. ಒಳಗಷ್ಟೇ ಬಳಸುವ, ತೊಳೆಯಲು ಬರುವ ಒಂದು ಜೋಡಿ ಬಾಗಿಲ ಒಳಬದಿಯಲ್ಲೇ ಇರಲಿ. ಹುಳಕ್ಕೂ ಒಳ್ಳೆಯದು, ಕಾಲಿಗೂ ಒಳ್ಳೆಯದು. ಶಿಡ್ಲಘಟ್ಟದ ಕಡೆ ನೂಲು ಬಿಚ್ಚುವ ಕೆಲಸದವರ ಕಾಲು ದಿನವಿಡೀ ಒದ್ದೆ ನೆಲದಲ್ಲಿರುತ್ತದೆ. ಅವರೂ, ಕೊಟ್ಟಿಗೆ ತೊಳೆಯುವವರೂ ಬೆರಳ ಸಂದಿ ನೋಡಿಕೊಳ್ಳಬೇಕು. ಬಿಳಿಚಿ, ಮೆತ್ತಗಾಗಿ, ಸಿಪ್ಪೆ ಏಳುತ್ತಿದ್ದರೆ ಅದು ಬಹುಪಾಲು ಶಿಲೀಂಧ್ರ. ಕ್ಲೋಟ್ರಿಮಜೋಲ್ ಮುಲಾಮು ಅಗ್ಗ, ಆದರೆ ಸುಮಾರು 4 ವಾರ ಬಿಡದೆ ಹಚ್ಚಬೇಕು. ಟರ್ಬಿನಾಫಿನ್‌ಗೆ ಸಾಮಾನ್ಯವಾಗಿ 1ರಿಂದ 2 ವಾರ ಸಾಕು. ನಾಲ್ಕು ದಿನಕ್ಕೆ ತುರಿಕೆ ನಿಂತ ಕೂಡಲೇ ಟ್ಯೂಬು ಮೂಲೆಗೆ ಎಸೆಯುವವರಿಗೆ ಎರಡನೆಯದೇ ವಾಸಿ. ಔಷಧಿ ಅಂಗಡಿಯಲ್ಲಿ ಸ್ಟೀರಾಯ್ಡ್ ಬೆರೆತ ಮುಲಾಮು ಕೊಟ್ಟರೆ ಬೇಡ ಅನ್ನಿ. ತುರಿಕೆ ಬೇಗ ಅಡಗುತ್ತದೆ, ಸೋಂಕು ಒಳಗೊಳಗೇ ಹರಡುತ್ತದೆ.

ಬರಿಗಾಲು

ದೇವಸ್ಥಾನದಲ್ಲಿ ಚಪ್ಪಲಿ ಬಿಡಲೇಬೇಕು. ಬಿಡುವ ಹೊತ್ತನ್ನು ಮಾತ್ರ ಆರಿಸಿಕೊಳ್ಳಬಹುದು. ನಂದಿಯ ಭೋಗನಂದೀಶ್ವರದ ಕಲ್ಲುಹಾಸು, ಕಮ್ಮಸಂದ್ರದ ಕೋಟಿಲಿಂಗೇಶ್ವರದ ಬಯಲು ಏಪ್ರಿಲ್ ಮಧ್ಯಾಹ್ನದಲ್ಲಿ ಕಾದಿರುತ್ತವೆ. ಉಳಿದವರು ಕುಣಿಯುತ್ತಾ ಓಡಿದರೆ ಸ್ಪರ್ಶವಿಲ್ಲದವರು ನಿಧಾನವಾಗಿ ಪ್ರದಕ್ಷಿಣೆ ಹಾಕುತ್ತಾರೆ, ರಾತ್ರಿ ಅಂಗಾಲಿನಲ್ಲಿ ಬೊಬ್ಬೆ. ಬೆಳಗ್ಗೆ ಬೇಗ ಹೋಗಿ, ದಪ್ಪ ಹತ್ತಿಯ ಕಾಲುಚೀಲ ಹಾಕಿಕೊಳ್ಳಿ. ಬಟ್ಟೆಯ ಕಾಲುಚೀಲಕ್ಕೆ ಸಾಮಾನ್ಯವಾಗಿ ಯಾರೂ ಅಡ್ಡಿ ಹೇಳುವುದಿಲ್ಲ. ಕೆಂಡ ಹಾಯುವ ಹರಕೆಯನ್ನು ಮಾತ್ರ ಬೇರೆ ಸೇವೆಗೆ ಬದಲಾಯಿಸಿಕೊಳ್ಳಿ.

ಕಾಲುಚೀಲ ಬಿಳಿಯದಿರಲಿ, ರಕ್ತವೋ ಕೀವೋ ಕಲೆಯಾದರೆ ಕಾಣುತ್ತದೆ. ಬಾಯಿಯ ಎಲಾಸ್ಟಿಕ್ ಕಾಲಿನಲ್ಲಿ ಗೆರೆ ಮೂಡಿಸುವಷ್ಟು ಬಿಗಿಯಿರಬಾರದು. ಬೆರಳ ಬಳಿ ಹೊಲಿಗೆ ದಪ್ಪವಿದ್ದರೆ ಒಳಗೆ ಹೊರಗಾಗಿ ಹಾಕಿಕೊಂಡರಾಯಿತು. ಹೆಂಗಸರ ಕಾಲುಂಗುರದ ಮಾತೂ ಇಲ್ಲೇ ಹೇಳಬೇಕು: ಬೆರಳು ಊದಿದಾಗ ಅದು ಚರ್ಮದೊಳಗೆ ಕೂರುತ್ತದೆ. ಸುಲಭವಾಗಿ ತಿರುಗದಿದ್ದರೆ ಸಡಿಲ ಮಾಡಿಸಿ, ಅಥವಾ ಬಾಯಿ ತೆರೆದ ನಮೂನೆಯದನ್ನು ಹಾಕಿಕೊಳ್ಳಿ.

ಕೊಬ್ಬರಿ ಎಣ್ಣೆ, ವ್ಯಾಸಲೀನ್, ಯೂರಿಯಾ ಕ್ರೀಮು

ನರ ಕೆಟ್ಟ ಪಾದ ಸರಿಯಾಗಿ ಬೆವರುವುದಿಲ್ಲ. ಒಣಗಿ, ಹಿಮ್ಮಡಿ ಒಡೆದು, ಒಡಕಿನಿಂದ ಸೋಂಕು ಒಳಗೆ ಹೋಗುತ್ತದೆ. ಬರೀ ಒಣಗಿದ ಚರ್ಮಕ್ಕೆ ಕೊಬ್ಬರಿ ಎಣ್ಣೆಯೂ ಆಗುತ್ತದೆ, ವ್ಯಾಸಲೀನೂ ಆಗುತ್ತದೆ. ಎರಡೂ ಚರ್ಮದಲ್ಲಿರುವ ನೀರನ್ನು ಆರದಂತೆ ತಡೆಯುತ್ತವೆ, ಹೊಸದಾಗಿ ನೀರು ತುಂಬುವುದಿಲ್ಲ. ಹಾಗಾಗಿ ಕಾಲು ತೊಳೆದು ಒರೆಸಿದ ಕೂಡಲೇ, ಚರ್ಮದಲ್ಲಿ ಇನ್ನೂ ಪಸೆ ಇರುವಾಗಲೇ ಹಚ್ಚಬೇಕು. ಹಿಮ್ಮಡಿಯ ಚರ್ಮ ದಪ್ಪವಾಗಿ ಒಡೆದಿದ್ದರೆ ಎಣ್ಣೆ ಮೇಲೆಯೇ ಉಳಿಯುತ್ತದೆ. ಅಲ್ಲಿ ಯೂರಿಯಾ ಇರುವ ಕ್ರೀಮು ಬೇಕು. ದಿನನಿತ್ಯಕ್ಕೆ ಶೇ 10, ದಪ್ಪ ಹಿಮ್ಮಡಿಗೆ ಶೇ 20ರಿಂದ 25. ರಕ್ತ ಕಾಣುವ ಒಡಕಿಗೆ ಮಾತ್ರ ಹಚ್ಚಬಾರದು.

ಎಷ್ಟು ಹಚ್ಚಬೇಕು? ತೋರುಬೆರಳ ತುದಿಯಿಂದ ಮೊದಲ ಗೆರೆಯವರೆಗೆ ಟ್ಯೂಬಿನಿಂದ ಹಿಂಡಿದರೆ ಸುಮಾರು ಅರ್ಧ ಗ್ರಾಂ. ಅಂಥ ಎರಡು ಗೆರೆ ಒಂದು ಪಾದಕ್ಕೆ ಸಾಕು. ಬೆರಳ ಸಂದಿಗೆ ಯಾವುದೂ ಬೇಡ, ಅಲ್ಲಿ ಪಸೆ ನಿಂತರೆ ಶಿಲೀಂಧ್ರ ಬೆಳೆಯುತ್ತದೆ. ಸಂದಿ ಒರೆಸಲು ದಪ್ಪ ಟವೆಲಿಗಿಂತ ಹಳೆಯ ಪಂಚೆಯ ಚುಂಗು ಒಳ್ಳೆಯದು. ಎಣ್ಣೆಗಾಲಿನಲ್ಲಿ ರೆಡ್ ಆಕ್ಸೈಡ್ ನೆಲದ ಮೇಲೆ ನಡೆದರೆ ಜಾರುವುದು ಖಂಡಿತ. ಮಲಗುವ ಮುನ್ನ ಹಚ್ಚಿ, ಕಾಲುಚೀಲ ಹಾಕಿಕೊಳ್ಳಿ.

ಕಾಲನ್ನು ಬಿಸಿನೀರಲ್ಲಿ ನೆನೆಸುವುದು ಹಾಯೆನಿಸಿದರೂ ಬೇಡ. ನೆನೆದ ಚರ್ಮ ಆಮೇಲೆ ಇನ್ನಷ್ಟು ಒಣಗುತ್ತದೆ. ತೊಳೆಯುವ ನೀರು 37 ಡಿಗ್ರಿಗಿಂತ ಕೆಳಗಿರಲಿ. ಹಂಡೆಯ ನೀರಿಗೆ ಕಾಲಿಡುವ ಮೊದಲು ಮೊಣಕೈ ಅದ್ದಿ ನೋಡಿ. ಹಿಮ್ಮಡಿ ನೋವಿಗೆ ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಇಟ್ಟು ಒತ್ತುವ ಪದ್ಧತಿ ಈ ಕಾಲಿಗೆ ಎರಡು ಕಡೆಯಿಂದ ಹಾನಿ: ಇಟ್ಟಿಗೆ ಸುಡುತ್ತದೆ, ಎಕ್ಕದ ಹಾಲು ಚರ್ಮ ಕೆರಳಿಸುತ್ತದೆ. ಧನುರ್ಮಾಸದ ಚಳಿಗೆ ಬೆಂಕಿಯ ಮುಂದೆ ಪಾದ ಚಾಚಿ ಕೂರುವುದೂ ಇದೇ ಲೆಕ್ಕ.

ಉಗುರು, ಆಣಿ

ಬ್ಲೇಡು ಬೇಡ, ನೇಲ್ ಕಟರ್ ಸಾಕು. ನೇರವಾಗಿ ಕತ್ತರಿಸಿ, ಮೂಲೆಯನ್ನು ಅಗೆದು ತೆಗೆಯಬೇಡಿ. ಅಗೆದ ಮೂಲೆ ಮಾಂಸದೊಳಗೆ ಬೆಳೆಯುತ್ತದೆ. ಕಣ್ಣು ಮಂದವಾಗಿದ್ದರೆ ಮನೆಯವರ ಕೈಗೆ ಕೊಡಿ. ಆಣಿಗೆ ಮೂರು ದಾರಿ ಜನ ಹಿಡಿಯುತ್ತಾರೆ: ತಾವೇ ಕೆತ್ತುವುದು, ಕಾರ್ನ್ ಕ್ಯಾಪ್ ಅಂಟಿಸುವುದು, ವೈದ್ಯರಿಂದ ಸವರಿಸಿಕೊಳ್ಳುವುದು. ಮೂರನೆಯದೊಂದೇ ಸರಿ. ಕಾರ್ನ್ ಕ್ಯಾಪ್‌ನಲ್ಲಿರುವ ಸ್ಯಾಲಿಸಿಲಿಕ್ ಆಮ್ಲಕ್ಕೆ ಆಣಿ ಯಾವುದು, ಒಳ್ಳೆಯ ಚರ್ಮ ಯಾವುದು ಎಂಬ ಭೇದವಿಲ್ಲ, ನೋವಿಲ್ಲದ ಕಾಲು ತಡೆಯುವುದೂ ಇಲ್ಲ. ಸವರಿದ ಮೇಲೂ ಅದೇ ಜಾಗದಲ್ಲಿ ಜಡ್ಡು ಬಂದರೆ ತಪ್ಪು ಚಪ್ಪಲಿಯದು, ಒತ್ತಡ ಅಲ್ಲೇ ಬೀಳುತ್ತಿದೆ. ಜಡ್ಡಿನ ಒಳಗೆ ಕಪ್ಪು ಅಥವಾ ಕೆಂಗಪ್ಪು ಚುಕ್ಕೆ ಕಂಡರೆ ಕೆಳಗೆ ಹುಣ್ಣು ಆಗಲೇ ಶುರುವಾಗಿರಬಹುದು.

ಅಂಗಾಲು ನೋಡಿಕೊಳ್ಳಲು ಕನ್ನಡಿಯನ್ನು ನೆಲಕ್ಕೆ ಇಟ್ಟುಕೊಳ್ಳುವುದಿದೆ, ಮೊಬೈಲಿನಲ್ಲಿ ಫೋಟೋ ತೆಗೆಯುವುದಿದೆ. ಸಕ್ಕರೆ ಕಣ್ಣನ್ನೂ ಬಿಡುವುದಿಲ್ಲವಾದ್ದರಿಂದ ಇನ್ನೊಬ್ಬರ ಕಣ್ಣೇ ಮೇಲು. ಫೋಟೋದ ಲಾಭ ಬೇರೆ: ಹೋದ ವಾರದ ಕಲೆ ಈ ವಾರ ದೊಡ್ಡದಾಗಿದೆಯೇ ಎಂದು ಹೋಲಿಸಬಹುದು.

ಗಾಯವಾದರೆ

ಶುದ್ಧ ಹರಿಯುವ ನೀರು ಅಥವಾ ಸಲೈನಿನಿಂದ ತೊಳೆದು, ಒಣಗಿಸಿ, ಗಾಯಕ್ಕೆ ಕಟ್ಟುವ ಶುದ್ಧ ತೆಳು ಬಟ್ಟೆ (ಗಾಜ್) ಮುಚ್ಚಿ ಪೇಪರ್ ಟೇಪು ಹಚ್ಚಿ. ಕಾಫಿ ಪುಡಿ, ಸುಣ್ಣ-ಬೆಲ್ಲ, ಸ್ಪಿರಿಟ್, ಹೈಡ್ರೋಜನ್ ಪೆರಾಕ್ಸೈಡ್ ಯಾವುದೂ ಬೇಡ: ಪುಡಿಗಳು ಗಾಯವನ್ನು ಮುಚ್ಚಿ ಮರೆಮಾಡುತ್ತವೆ, ಉಳಿದವು ಹೊಸದಾಗಿ ಬೆಳೆಯುವ ಮಾಂಸವನ್ನು ಸುಡುತ್ತವೆ.

ಮೇಲುಮೇಲಿನ ತರಚಿದ ಗಾಯಕ್ಕೆ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರ ಸಾಕು: ಡ್ರೆಸಿಂಗ್, ಧನುರ್ವಾಯು ಚುಚ್ಚುಮದ್ದು, ಸಕ್ಕರೆ ಪರೀಕ್ಷೆ ಅಲ್ಲೇ ಆಗುತ್ತವೆ. ಮರುದಿನದೊಳಗೆ ತೋರಿಸಿ. ತಾಲ್ಲೂಕು ಆಸ್ಪತ್ರೆಯ ಎನ್‌ಸಿಡಿ ಕ್ಲಿನಿಕ್ (ಸಕ್ಕರೆ, ಬಿಪಿಯಂಥ ಅಂಟದ ಕಾಯಿಲೆಗಳ ವಿಭಾಗ) ನಿಯಮಿತ ತಪಾಸಣೆಗೆ ಒಳ್ಳೆಯ ಜಾಗ, ತುರ್ತಿಗೆ ಅಲ್ಲ. ಗಾಯದ ಅಂಚಿನಿಂದ 2 ಸೆಂ.ಮೀ.ಗಿಂತ ಆಚೆಗೆ ಕೆಂಪು ಹರಡಿದ್ದರೆ, ವಾಸನೆ, ಕೀವು, ಕಪ್ಪು, ಜ್ವರ ಇದ್ದರೆ, ಅಥವಾ ಕಾರಣವಿಲ್ಲದೆ ಸಕ್ಕರೆ ಏರಿದ್ದರೆ ಸಣ್ಣ ಕಡೆ ಹೊತ್ತು ಕಳೆಯದೆ ಅದೇ ದಿನ ಶಸ್ತ್ರಚಿಕಿತ್ಸೆಯ ತಂಡವಿರುವಲ್ಲಿಗೆ ಹೋಗಿ: ಕೋಲಾರದ ಎಸ್‌ಎನ್‌ಆರ್ ಜಿಲ್ಲಾ ಆಸ್ಪತ್ರೆ, ಟಮಕದ ಆರ್.ಎಲ್. ಜಾಲಪ್ಪ ಆಸ್ಪತ್ರೆ, ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆ. ಗಾಯವೇ ಇಲ್ಲದೆ ಒಂದು ಪಾದ ಊದಿ, ಕೆಂಪಾಗಿ, ಇನ್ನೊಂದಕ್ಕಿಂತ ಬಿಸಿಯಾಗಿದ್ದರೂ ಅಷ್ಟೇ ಅವಸರ. ನೋವಿಲ್ಲ ಎಂದು ನಡೆದಾಡಿದರೆ ಒಳಗಿನ ಮೂಳೆಗಳು ಕುಸಿದು ಅಂಗಾಲು ತೊಟ್ಟಿಲ ಬುಡದಂತೆ ಉಬ್ಬುತ್ತದೆ. ಶಾರ್ಕೋ ಪಾದ ಎನ್ನುವುದು ಇದಕ್ಕೇ. ಆ ಕಾಲನ್ನು ನೆಲಕ್ಕೆ ಊರದೆ ಆಟೋ ಹತ್ತಿ.

ಹೋಗುವಾಗ ರಿಪೋರ್ಟುಗಳ ಜೊತೆ ದಿನವೂ ಹಾಕಿಕೊಳ್ಳುವ ಹಳೆಯ ಚಪ್ಪಲಿಯನ್ನೂ ಚೀಲದಲ್ಲಿ ಹಾಕಿಕೊಳ್ಳಿ. ತಳ ಎಲ್ಲಿ ಸವೆದಿದೆ, ಗುಳಿ ಎಲ್ಲಿ ಬಿದ್ದಿದೆ ಎಂಬುದರಿಂದ ಹುಣ್ಣು ಅಲ್ಲೇ ಯಾಕಾಯಿತು ಎಂದು ನೋಡುವವರಿಗೆ ಗೊತ್ತಾಗುತ್ತದೆ.